ಕೋರ್ಸ್ ಆಮೇಲೆ, ಮೊದಲು ಮನೆಯ ಮಂಡಿ ಪಟ್ಟಿ ತೆಗೆಯಿರಿ

ಪ್ರಶ್ನೆ: ನಾನು ಸಾಗರದಲ್ಲಿ ಮೊದಲ ವರ್ಷದ ಬಿಕಾಂ ಓದುತ್ತಿದ್ದೇನೆ. ಅಪ್ಪನಿಗೆ ಸ್ವಲ್ಪ ಅಡಿಕೆ ತೋಟ ಇದೆ, ಜೊತೆಗೆ ಊರಲ್ಲಿ ಚಿಕ್ಕ ಕಿರಾಣಿ ಅಂಗಡಿ. ಅಕೌಂಟ್ಸ್ ಲೈನಿನಲ್ಲೇ ಮುಂದೆ ಹೋಗಬೇಕು ಅಂತ ಆಸೆ. ಒಂದು ಕಂಪ್ಯೂಟರ್ ಸೆಂಟರ್‌ನವರು ಟ್ಯಾಲಿ, ಜಿಎಸ್‌ಟಿ, ಎಕ್ಸೆಲ್ ಎಲ್ಲ ಸೇರಿಸಿ 25 ಸಾವಿರ ಕೇಳುತ್ತಿದ್ದಾರೆ, ಕೆಲಸ ಗ್ಯಾರಂಟಿ ಅಂತಾರೆ. ಸಿಎ ಮಾಡುವುದಾದರೆ ಬೆಂಗಳೂರಿಗೇ ಹೋಗಬೇಕು ಅಂತ ಅಣ್ಣ ಹೇಳುತ್ತಾನೆ. ಡಿಗ್ರಿ ಮುಗಿಯುವವರೆಗೆ ಕಾಯಬೇಕಾ, ಈಗಲೇ ಏನಾದರೂ ಶುರು ಮಾಡಬಹುದಾ? ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ.

ಉತ್ತರ: ಕಾಯಬೇಡಿ. ಆದರೆ ಆ 25 ಸಾವಿರವನ್ನೂ ಈಗಲೇ ಕಟ್ಟಬೇಡಿ. ಕೆಲಸ ಗ್ಯಾರಂಟಿ ಅಂತ ಯಾರಾದರೂ ಹೇಳಿದರೆ, ಯಾವ ಕೆಲಸ, ಎಷ್ಟು ಸಂಬಳ ಅಂತ ಬರೆದುಕೊಡಿ ಅನ್ನಿ. ಮಾತು ಅಲ್ಲಿಗೇ ನಿಲ್ಲುತ್ತದೆ.

ಟ್ಯಾಲಿಯ ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿಪ್ರೈಮ್‌ನಲ್ಲಿ ಎಜುಕೇಷನಲ್ ಮೋಡ್ ಅಂತ ಒಂದಿದೆ. ದುಡ್ಡು ಕೊಡಬೇಕಿಲ್ಲ. ತಿಂಗಳ ಕೆಲವೇ ತಾರೀಕುಗಳಿಗೆ ಮಾತ್ರ ಎಂಟ್ರಿ ಹಾಕಲು ಬಿಡುತ್ತದೆ, ಅಷ್ಟೇ ಅದರ ಮಿತಿ. ಕಲಿಯಲು ಅದು ಧಾರಾಳ ಸಾಕು. ಬಟನ್ ಒತ್ತುವುದನ್ನು ಯಾರು ಬೇಕಾದರೂ ಕೆಲವೇ ವಾರಗಳಲ್ಲಿ ಕಲಿಯುತ್ತಾರೆ. ಯಾವ ಖಾತೆಗೆ ಡೆಬಿಟ್ (ಎಡಬದಿ), ಯಾವುದಕ್ಕೆ ಕ್ರೆಡಿಟ್ (ಬಲಬದಿ) ಅನ್ನುವುದು ತಲೆಯಲ್ಲಿ ಇಲ್ಲದಿದ್ದರೆ ಮಾತ್ರ ಆ ಬಟನ್‌ಗಳಿಂದ ಏನೂ ಉಪಯೋಗವಿಲ್ಲ.

ಅದನ್ನು ಕಲಿಯಲು ನಿಮ್ಮ ಮನೆಯಲ್ಲೇ ಒಳ್ಳೆಯ ಸಾಮಗ್ರಿ ಇದೆ. ಅಪ್ಪನ ಹತ್ತಿರ ಕಳೆದ ಸುಗ್ಗಿಯ ಮಂಡಿ ಪಟ್ಟಿಗಳನ್ನು, ಅಂದರೆ ಅಡಿಕೆ ಮಾರಿದಾಗ ಮಂಡಿಯವರು ಬರೆದುಕೊಡುವ ಲೆಕ್ಕದ ಚೀಟಿಗಳನ್ನು ಕೇಳಿ ತೆಗೆದುಕೊಳ್ಳಿ. ಒಂದು ಲೆಕ್ಕ ಹೀಗಿದೆ ಅಂತ ಇಟ್ಟುಕೊಳ್ಳೋಣ. ಆಗಸ್ಟ್‌ನಲ್ಲಿ ಅಪ್ಪ ಮಂಡಿಯಿಂದ 50 ಸಾವಿರ ಮುಂಗಡ ತಂದರು. ಡಿಸೆಂಬರ್‌ನಲ್ಲಿ 3 ಕ್ವಿಂಟಾಲ್ ರಾಶಿ ಅಡಿಕೆ ಕ್ವಿಂಟಾಲಿಗೆ 45 ಸಾವಿರದಂತೆ ಹೋಯಿತು. ಒಟ್ಟು 1,35,000. ಹಮಾಲಿ 600 ಕಳೆದರು, ಮುಂಗಡ 50 ಸಾವಿರ ಮುರಿದುಕೊಂಡರು. ಬ್ಯಾಂಕಿಗೆ ಬಂದಿದ್ದು 84,400.

ಇಲ್ಲಿ ಹೆಚ್ಚಿನ ವಿದ್ಯಾರ್ಥಿಗಳು ಅಡಿಕೆ ಆದಾಯ 84,400 ಅಂತ ಬರೆದುಬಿಡುತ್ತಾರೆ. ಆದಾಯ 1,35,000. ಹಮಾಲಿ ಖರ್ಚು. ಮುಂಗಡ ಬಂದ ದಿನ ಅದು ಆದಾಯ ಅಲ್ಲ, ಸಾಲ. ಹಾಗಾಗಿ ಆಗಸ್ಟ್‌ನಲ್ಲಿ ನಗದು ಡೆಬಿಟ್, ಮಂಡಿ ಕ್ರೆಡಿಟ್. ಅಡಿಕೆ ಮಾರಿದಾಗ ಮಂಡಿ ಡೆಬಿಟ್ 1,35,000, ಮಾರಾಟ ಕ್ರೆಡಿಟ್. ಹಮಾಲಿ ಡೆಬಿಟ್ ಮಾಡಿ ಮಂಡಿ ಕ್ರೆಡಿಟ್ 600. ದುಡ್ಡು ಬಂದಾಗ ಬ್ಯಾಂಕ್ ಡೆಬಿಟ್, ಮಂಡಿ ಕ್ರೆಡಿಟ್ 84,400. ಈಗ ಮಂಡಿ ಖಾತೆ ಕೂಡಿ ನೋಡಿ. ಎರಡೂ ಕಡೆ 1,35,000. ಬಾಕಿ ಸೊನ್ನೆ.

ಇಷ್ಟಾದ ಮೇಲೆ ಇದೇ ವ್ಯವಹಾರವನ್ನು ಮಂಡಿಯವರ ಪುಸ್ತಕದಲ್ಲಿ ಬರೆಯಿರಿ. ನಿಮಗೆ ಸಾಲವಾಗಿದ್ದ 50 ಸಾವಿರ ಅವರಿಗೆ ಬರಬೇಕಾದ ಹಣ. ಡೆಬಿಟ್ ಇದ್ದಲ್ಲಿ ಕ್ರೆಡಿಟ್ ಬರುತ್ತದೆ. ಒಂದೇ ಪಟ್ಟಿಯನ್ನು ಎರಡೂ ಕಡೆಯಿಂದ ಬರೆಯಲು ಬಂದವರಿಗೆ ಡೆಬಿಟ್-ಕ್ರೆಡಿಟ್ ಗೊಂದಲ ಮತ್ತೆ ಕಾಡುವುದಿಲ್ಲ. ಕಾಲೇಜಿನ ಪುಸ್ತಕದಲ್ಲಿ ಈ ಎರಡನೇ ಕಡೆ ಜಾಸ್ತಿ ಕಾಣಿಸುವುದಿಲ್ಲ ಅನ್ನುವುದು ನನ್ನ ತಕರಾರು.

ಇನ್ನು ಅಂಗಡಿ. ತೋಟದ ಲೆಕ್ಕವನ್ನೂ ಅಂಗಡಿಯ ಲೆಕ್ಕವನ್ನೂ ಬೆರೆಸಬೇಡಿ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ಅಂಗಡಿಯ ಲಾಭ ತೆರಿಗೆ ಲೆಕ್ಕಕ್ಕೆ ಬರುತ್ತದೆ. ಅಮ್ಮ ಅಂಗಡಿಯಿಂದ ಮನೆಗೆ ಬೇಳೆ ತಂದರೆ ಅದು ಡ್ರಾಯಿಂಗ್ಸ್, ಅಂದರೆ ಮಾಲೀಕರು ಸ್ವಂತ ಬಳಕೆಗೆ ತೆಗೆದುಕೊಂಡಿದ್ದು. ಇದನ್ನು ಬರೆಯದೆ ಬಿಟ್ಟು, ಸ್ಟಾಕ್ ಯಾಕೆ ತಾಳೆ ಆಗುತ್ತಿಲ್ಲ ಅಂತ ತಲೆ ಕೆಡಿಸಿಕೊಳ್ಳುವ ಅಂಗಡಿಗಳೇ ಹೆಚ್ಚು.

2025ರ ಜುಲೈನಲ್ಲಿ ಯುಪಿಐ ಜಮೆ ನೋಡಿ ನಮ್ಮ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯಿಂದ ನೋಟಿಸ್ ಬಂದಿದ್ದು ನೆನಪಿದೆ ಅಲ್ವಾ? ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷದ ವಹಿವಾಟು ದಾಟಿದರೆ ಜಿಎಸ್‌ಟಿ ನೋಂದಣಿ, ಸೇವೆ ಕೊಡುವವರಿಗೆ 20 ಲಕ್ಷ. ಆದರೆ ಹಾಲು, ತರಕಾರಿ, ಪ್ಯಾಕ್ ಮಾಡದ ಅಕ್ಕಿಯಂಥವಕ್ಕೆ ತೆರಿಗೆಯೇ ಇಲ್ಲ. ಯಾವ ಜಮೆ ಯಾವ ಸಾಮಾನಿನದು ಅಂತ ತೋರಿಸುವ ಪುಸ್ತಕ ಇಲ್ಲದವರು ಒದ್ದಾಡಿದರು. ಅಪ್ಪನ ಅಂಗಡಿಯ ಒಂದು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು, ತೆರಿಗೆ ಇರುವ ಮಾರಾಟ, ಇಲ್ಲದ ಮಾರಾಟ, ಮನೆಯವರು ಸುಮ್ನೆ ಕಳಿಸಿದ ದುಡ್ಡು ಅಂತ ಎಕ್ಸೆಲ್‌ನಲ್ಲಿ ಬೇರೆ ಮಾಡಿ. ಫಿಲ್ಟರ್, ಸಮ್‌ಇಫ್, ಪಿವೋಟ್ ಟೇಬಲ್ ಮೂರೂ ಅದರಲ್ಲೇ ಬಂದುಬಿಡುತ್ತವೆ.

ಈ ಎರಡು ಕಡತ ಹಿಡಿದುಕೊಂಡು ಸಾಗರದಲ್ಲೋ ಶಿವಮೊಗ್ಗದಲ್ಲೋ ಒಬ್ಬ ಆಡಿಟರ್ ಆಫೀಸಿಗೆ ಹೋಗಿ. ರಜೆಯಲ್ಲಿ ಕೆಲಸ ಕಲಿಯುತ್ತೇನೆ ಅನ್ನಿ. ಆದರೆ 11ನೇ ತಾರೀಕು, 20ನೇ ತಾರೀಕಿನ ಆಸುಪಾಸಿನಲ್ಲಿ ಹೋಗಬೇಡಿ. ಜಿಎಸ್‌ಟಿಆರ್-1, 3ಬಿ ಅನ್ನುವ ಜಿಎಸ್‌ಟಿ ರಿಟರ್ನ್‌ಗಳ ಸಲ್ಲಿಕೆಯ ದಿನಗಳವು, ಯಾರೂ ತಲೆ ಎತ್ತಿ ಮಾತಾಡಿಸುವುದಿಲ್ಲ. 20 ಕಳೆದ ಮೇಲೆ ಹೋದರೆ ಕುರ್ಚಿ ಕೊಟ್ಟು ಕೂರಿಸಿ ಮಾತಾಡುತ್ತಾರೆ. ಮೊದಲು ಕೊಡುವುದು ಬಿಲ್ ಜೋಡಿಸುವ, ಬ್ಯಾಂಕ್ ಎಂಟ್ರಿ ಹಾಕುವ ಕೆಲಸ. ಬೇಸರ ಮಾಡಿಕೊಳ್ಳಬೇಡಿ. ಖರೀದಿ ಬಿಲ್‌ಗಳನ್ನು ಜಿಎಸ್‌ಟಿ ಪೋರ್ಟಲ್‌ನ 2ಬಿ (ಮಾರಿದವರು ತೋರಿಸಿದ ಬಿಲ್‌ಗಳ ಪಟ್ಟಿ) ಜೊತೆ ತಾಳೆ ಹಾಕುವುದು ಕಲಿತರೆ ಆ ಆಫೀಸಿಗೆ ನೀವು ಬೇಕಾದವರಾಗುತ್ತೀರಿ.

ಒಂದು ಎಚ್ಚರಿಕೆ. ಬೇರೆಯವರ ಜಿಎಸ್‌ಟಿ ಅಥವಾ ಆದಾಯ ತೆರಿಗೆ ಖಾತೆಗೆ ನಿಮ್ಮ ಮೊಬೈಲ್ ನಂಬರ್ ಕೊಡಬೇಡಿ. ನಿಮ್ಮ ಪ್ಯಾನ್, ಆಧಾರ್ ಪ್ರತಿಯನ್ನು ಕೆಲಸದ ಹೆಸರಲ್ಲಿ ಯಾರು ಕೇಳಿದರೂ ಏಕೆ ಅಂತ ಕೇಳಿ. ಗೊತ್ತಿಲ್ಲದೆ ತಮ್ಮ ಹೆಸರಲ್ಲೇ ಬೋಗಸ್ ಫರ್ಮ್ ಎದ್ದು ನಿಂತು ಪೇಚಿಗೆ ಸಿಕ್ಕವರಿದ್ದಾರೆ.

ಸಿಎ ವಿಷಯದಲ್ಲಿ ನಿಮ್ಮ ಅಣ್ಣ ಹೇಳಿದ್ದು ಅರ್ಧ ನಿಜ. ಸಿಎಯ ಮೊದಲ ಹಂತವಾದ ಫೌಂಡೇಷನ್ ಪರೀಕ್ಷೆಯನ್ನು ಬಿಕಾಂ ಜೊತೆಗೇ ಬರೆಯಬಹುದು. ನಾಲ್ಕು ಪೇಪರ್, ಒಟ್ಟು 400 ಅಂಕ. ಪ್ರತಿಯೊಂದರಲ್ಲೂ 40, ಒಟ್ಟಾರೆ ಶೇ 50 ಬರಬೇಕು. ಮೊದಲ ಎರಡು ಬರೆಯುವ ಪೇಪರ್. ಉಳಿದೆರಡು ಆಬ್ಜೆಕ್ಟಿವ್, ತಪ್ಪಿಗೆ ಕಾಲು ಅಂಕ ಕಳೆಯುತ್ತಾರೆ. ವರ್ಷಕ್ಕೆ ಮೂರು ಸಲ ಪರೀಕ್ಷೆ ನಡೆಯುತ್ತದೆ, ನಾಲ್ಕು ತಿಂಗಳು ಮೊದಲೇ ನೋಂದಣಿ ಆಗಿರಬೇಕು. ಸಿಎ ಸಂಸ್ಥೆಯ ಆನ್‌ಲೈನ್ ತರಗತಿಗಳು ಉಚಿತ, ಆದ್ದರಿಂದ ಈ ಹಂತಕ್ಕೆ ಬೆಂಗಳೂರಿನ ರೂಮು ಬಾಡಿಗೆ ಬೇಡ. ಒಂದೆರಡು ಸಲ ಪ್ರಯತ್ನಿಸಿ. ಆಗದಿದ್ದರೆ ಬಿಕಾಂನಲ್ಲಿ ಶೇ 55 ತೆಗೆದು ನೇರವಾಗಿ ಎರಡನೇ ಹಂತವಾದ ಇಂಟರ್‌ಮೀಡಿಯೇಟ್‌ಗೆ ಸೇರುವ ದಾರಿ ಇದ್ದೇ ಇದೆ.

ಇಂಟರ್‌ನ ಎರಡೂ ಗ್ರೂಪ್ ಪಾಸಾದ ಮೇಲೆ ಆರ್ಟಿಕಲ್‌ಶಿಪ್, ಅಂದರೆ ಸಿಎ ಒಬ್ಬರ ಕೈಕೆಳಗೆ ಕೆಲಸದ ತರಬೇತಿ, ಈಗ ಎರಡು ವರ್ಷ. ಬೆಂಗಳೂರಿನ ಪ್ರಶ್ನೆ ಬರುವುದು ಆಗ. ದೊಡ್ಡ ಕಂಪನಿಗಳ ಆಡಿಟ್ ನೋಡಬೇಕಾದರೆ ಅಲ್ಲಿಗೇ ಹೋಗಬೇಕು. ಒಂದು ಮಂಡಿಯ, ಒಂದು ರೈಸ್ ಮಿಲ್ಲಿನ, ಒಂದು ಸಹಕಾರ ಸಂಘದ ಲೆಕ್ಕವನ್ನು ವೋಚರ್‌ನಿಂದ ಬ್ಯಾಲೆನ್ಸ್ ಶೀಟ್‌ವರೆಗೆ ನೀವೇ ಮುಗಿಸಬೇಕಾದರೆ ಶಿವಮೊಗ್ಗದ ಆಫೀಸು ಚೆನ್ನ. ಊರಲ್ಲೇ ಪ್ರಾಕ್ಟೀಸ್ ಮಾಡುವ ಆಸೆ ಇರುವವರಿಗೆ ನಾನು ಎರಡನೆಯದನ್ನೇ ಹೇಳುತ್ತೇನೆ.

ಇಂಗ್ಲಿಷ್ ಬಗ್ಗೆ ಸಮಾಧಾನದ ಮಾತು ಹೇಳಲಾರೆ. ಸಿಎ ಪರೀಕ್ಷೆ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಮಾತ್ರ, ಕನ್ನಡದಲ್ಲಿ ಇಲ್ಲ. ದಿನಾ ಒಂದು ಪುಟ ಬಿಸಿನೆಸ್ ಲಾ ಓದಿ, ಅದನ್ನೇ ನಾಲ್ಕು ಸಾಲಿನಲ್ಲಿ ನಿಮ್ಮ ಇಂಗ್ಲಿಷ್‌ನಲ್ಲಿ ಬರೆಯಿರಿ. ಗ್ರಾಮರ್ ತಪ್ಪಿದರೂ ಪರವಾಗಿಲ್ಲ, ಬರೆಯುವುದು ಬಿಡಬೇಡಿ.

ಪ್ರಶ್ನೆ: ಕೊಪ್ಪದವನು. ಪಿಯುಸಿ ಆರ್ಟ್ಸ್ ಪಾಸಾಗಿದ್ದೇನೆ. ನನಗೆ ಸಿಎ ದಾರಿ ಮುಚ್ಚಿಹೋಯಿತಾ?

ಉತ್ತರ: ಇಲ್ಲ. ಫೌಂಡೇಷನ್‌ಗೆ ಪಿಯುಸಿಯಲ್ಲಿ ಕಾಮರ್ಸ್ ಇರಲೇಬೇಕು ಅಂತಿಲ್ಲ. ನಿಮಗೆ ಕಷ್ಟವಾಗುವುದು ಅಕೌಂಟ್ಸ್‌ಗಿಂತ ಮೂರನೇ ಪೇಪರಿನ ಗಣಿತ ಮತ್ತು ಸಂಖ್ಯಾಶಾಸ್ತ್ರ. ಪಿಯುಸಿಯ ಎರಡೂ ವರ್ಷದ ಅಕೌಂಟೆನ್ಸಿ ಪುಸ್ತಕ ತಂದು ಮೂರು ತಿಂಗಳು ಲೆಕ್ಕ ಮಾಡಿ ನೋಡಿ, ಜೊತೆಗೆ ಎಸ್ಸೆಸ್ಸೆಲ್ಸಿ ಗಣಿತ ಇನ್ನೊಮ್ಮೆ ತಿರುವಿ. ರುಚಿ ಹತ್ತಿದರೆ ಡಿಗ್ರಿಗೆ ಬಿಕಾಂ ಸೇರಲು ಆಗುತ್ತದಾ ಅಂತ ಕಾಲೇಜಿನಲ್ಲಿ ವಿಚಾರಿಸಿ. ಹತ್ತದಿದ್ದರೆ ಫೀಸು ಕಟ್ಟುವ ಮೊದಲೇ ಗೊತ್ತಾಯಿತಲ್ಲ.