‘ತ್ತಿದ್ದೆ’ ಬಂದಲ್ಲೆಲ್ಲ ‘ವಾಸ್’ ಹಾಕಬೇಡ

ತಂಗಿ,

ನೀನು ಕೇಳಿದ್ದು ಇಷ್ಟು: ಕುಮಟೆಯಿಂದ ಇಂಗ್ಲೆಂಡಿಗೆ ಬಂದು ನಾಲ್ಕು ತಿಂಗಳಾಯಿತು, ವಯಸ್ಸಾದವರನ್ನು ನೋಡಿಕೊಳ್ಳುವ ಕೇರ್ ಹೋಮಿನಲ್ಲಿ ಕೆಲಸ. ಪಾಳಿ ಬದಲಾಗುವಾಗ ಹ್ಯಾಂಡೋವರ್ ಪುಸ್ತಕದಲ್ಲಿ ‘ಐ ವಾಸ್ ಗಿವಿಂಗ್ ದಿ ಟ್ಯಾಬ್ಲೆಟ್ಸ್’ ಎಂದು ಬರೆದರೆ, ‘ಕೊಟ್ಟೆಯೋ ಇಲ್ಲವೋ?’ ಎಂದು ನರ್ಸ್ ಕೇಳುತ್ತಾರೆ. ಯಾವಾಗ ‘ಗೇವ್’, ಯಾವಾಗ ‘ವಾಸ್ ಗಿವಿಂಗ್’ ಎಂದು ತಿಳಿಯುವುದು ಹೇಗೆ ಅಕ್ಕಾ?

ನರ್ಸ್ ಕೇಳಿದ್ದು ಸರಿಯಾಗಿಯೇ ಇದೆ. ‘ವಾಸ್ ಗಿವಿಂಗ್’ ಅಂದರೆ ಕೊಡುವ ಕೆಲಸ ನಡೆದಿತ್ತು ಎಂದಷ್ಟೇ ಅರ್ಥ. ಮುಗಿಯಿತು ಎಂಬ ಮಾತು ಅದರಲ್ಲಿಲ್ಲ. ಅರ್ಧಕ್ಕೆ ನಿಂತಿರಬಹುದು, ಅಜ್ಜ ಮಾತ್ರೆ ಉಗುಳಿರಬಹುದು. ಆ ಅನುಮಾನ ಉಳಿದರೆ ಮುಂದಿನ ಪಾಳಿಯವರು ಮತ್ತೊಮ್ಮೆ ಕೊಟ್ಟಾರು, ಇಲ್ಲವೇ ಕೊಟ್ಟಾಗಿದೆ ಎಂದುಕೊಂಡು ಬಿಟ್ಟಾರು. ಎರಡೂ ಅಪಾಯ.

ಇದು ಮನಸ್ಸಿಗೆ ಹತ್ತಬೇಕಾದರೆ ನಮ್ಮ ಕಾಳಿ ಸೇತುವೆಯನ್ನು ನೆನೆಸಿಕೋ. 2024ರ ಆಗಸ್ಟ್ 7ರ ನಡುರಾತ್ರಿ ಕಳೆದ ಮೇಲೆ ಕಾರವಾರ–ಸದಾಶಿವಗಡದ ಹಳೇ ಸೇತುವೆ ಕುಸಿಯಿತು, ಮೇಲಿದ್ದ ಲಾರಿ ನದಿಗೆ ಬಿತ್ತು. ಇಂಗ್ಲಿಷಿನಲ್ಲಿ ‘ಎ ಲಾರಿ ವಾಸ್ ಕ್ರಾಸಿಂಗ್ ದಿ ಬ್ರಿಡ್ಜ್ ವೆನ್ ಇಟ್ ಕಲ್ಯಾಪ್ಸ್ಡ್’ ಎನ್ನಬೇಕು. ‘ಕ್ರಾಸ್ಡ್’ ಎಂದೆಯೋ, ಲಾರಿ ಆಚೆ ದಡ ಮುಟ್ಟಿಬಿಟ್ಟಿತು. ಗೋಕರ್ಣದ ಸಮುದ್ರದಲ್ಲಿ ಒಬ್ಬ ‘ವಾಸ್ ಡ್ರೌನಿಂಗ್’ ಎಂದರೆ ಅವನನ್ನು ಇನ್ನೂ ಎಳೆದು ಉಳಿಸಬಹುದು. ‘ಡ್ರೌನ್ಡ್’ ಎಂದರೆ ಸತ್ತ. ಕನ್ನಡದ ‘ದಾಟಿತು’, ‘ದಾಟುತ್ತಿತ್ತು’ಗಳಲ್ಲೂ ಇದೇ ಭೇದ ಇದೆ. ಇಲ್ಲಿಯವರೆಗೆ ಎರಡೂ ಭಾಷೆ ಒಂದೇ ದಾರಿ.

ದಾರಿ ಕವಲೊಡೆಯುವುದು ರೂಢಿಯ ಮಾತು ಬಂದಾಗ. ‘ಅಜ್ಜ ಬಂದಾಗ ಆಯಿ ಕಷಾಯ ಮಾಡುತ್ತಿದ್ದಳು.’ ಈ ಒಂದು ವಾಕ್ಯಕ್ಕೆ ಎರಡು ಅರ್ಥವಿದೆ, ಗಮನಿಸು. ಅಜ್ಜ ಒಳಗೆ ಕಾಲಿಟ್ಟ ಹೊತ್ತಿಗೆ ಕಷಾಯ ಒಲೆಯ ಮೇಲಿತ್ತು ಎಂಬುದು ಒಂದು. ಅಜ್ಜ ಬಂದಾಗೆಲ್ಲ ಅವಳು ಕಷಾಯ ಮಾಡಿಕೊಡುವ ವಾಡಿಕೆಯಿತ್ತು ಎಂಬುದು ಇನ್ನೊಂದು. ನಮ್ಮ ‘ತ್ತಿದ್ದಳು’ ಎರಡಕ್ಕೂ ದುಡಿಯುತ್ತದೆ. ಇಂಗ್ಲಿಷಿನ ‘ವಾಸ್ ಮೇಕಿಂಗ್’ ಮೊದಲನೆಯದಕ್ಕೆ ಮಾತ್ರ. ಎರಡನೆಯದಕ್ಕೆ ‘ಮೇಡ್’ ಅಥವಾ ‘ಯೂಸ್ಡ್ ಟು ಮೇಕ್’. ಕಾರವಾರದ ಕಡೆ ಮನೆಯಲ್ಲಿ ಕೊಂಕಣಿ ಆಡುವವರಿಗೂ ಇದೇ ತೊಡಕು. ಶಾಲೆಯಲ್ಲಿ ‘ತ್ತಿದ್ದೆ ಎಂದರೆ ವಾಸ್ ಮತ್ತು ಐಎನ್‌ಜಿ’ ಎಂದು ಬಾಯಿಪಾಠ ಮಾಡಿಸಿದ್ದು ಅರ್ಧ ಪಾಠ. ನಮ್ಮವರ ಹೆಚ್ಚಿನ ತಪ್ಪುಗಳ ಬೇರು ಅಲ್ಲೇ ಇದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹಾಗಾಗಿ ಬರೆಯುವ ಮೊದಲು ಕನ್ನಡ ವಾಕ್ಯಕ್ಕೆ ಒಂದು ಶಬ್ದ ಸೇರಿಸಿ ನೋಡು. ‘ದಿನಾ’ ಅಥವಾ ‘ಆಗೆಲ್ಲ’ ಹೊಂದಿದರೆ ‘ವಾಸ್’ ಬೇಡ. ‘ಆ ಹೊತ್ತಿಗೆ ಸರಿಯಾಗಿ’ ಎಂಬುದು ಹೊಂದಿದರೆ ಮಾತ್ರ ‘ವಾಸ್’ ಬೇಕು. ‘ಕಾಲೇಜಿಗೆ ಹೊನ್ನಾವರಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದೆ’: ಇಲ್ಲಿ ‘ದಿನಾ’ ಹೊಂದುತ್ತದೆ, ಆದ್ದರಿಂದ ‘ಐ ವೆಂಟ್ ಬೈ ಬಸ್’. ‘ನಿನ್ನ ಫೋನ್ ಬಂದಾಗ ಬಸ್ಸಿನಲ್ಲಿ ಹೋಗುತ್ತಿದ್ದೆ’: ಇಲ್ಲಿ ‘ಆ ಹೊತ್ತಿಗೆ’, ಆದ್ದರಿಂದ ‘ಐ ವಾಸ್ ಗೋಯಿಂಗ್’. ಆ ಹೊತ್ತು ಯಾವುದೆಂದು ಹೇಳದೆ ಬರೀ ‘ಐ ವಾಸ್ ಕುಕಿಂಗ್’ ಎಂದು ನಿಲ್ಲಿಸಿದರೆ ಕೇಳುವವರು ‘ಸರಿ, ಆಮೇಲೆ?’ ಎಂದು ಕಾಯುತ್ತಾರೆ. ಆ ವಾಕ್ಯಕ್ಕೆ ಇನ್ನೊಂದು ಘಟನೆಯೋ ಗಡಿಯಾರದ ಸಮಯವೋ ಬೇಕು.

‘ಯೂಸ್ಡ್ ಟು’ ಬಗ್ಗೆ ಎರಡು ಮಾತು. ಬಾಯಲ್ಲಿ ಅದು ‘ಯೂಸ್ಟು’ ಎಂದೇ ಬರುತ್ತದೆ, ‘ಡ್’ ಕೇಳುವುದಿಲ್ಲ. ಮತ್ತೆ ಲೆಕ್ಕ ಇದ್ದಲ್ಲಿ ಅದು ನಿಲ್ಲದು: ಐದು ವರ್ಷ ಶಿರಸಿಯಲ್ಲಿದ್ದೆ ಎನ್ನುವುದಕ್ಕೆ ‘ಐ ಲಿವ್ಡ್ ಇನ್ ಶಿರಸಿ ಫಾರ್ ಫೈವ್ ಇಯರ್ಸ್’ ಸಾಕು. ಮೂರು ಸಲ ಫೋನ್ ಮಾಡಿದ್ದಕ್ಕೂ ‘ವಾಸ್ ಕಾಲಿಂಗ್ ತ್ರೀ ಟೈಮ್ಸ್’ ಸಲ್ಲ, ‘ಕಾಲ್ಡ್ ತ್ರೀ ಟೈಮ್ಸ್’. ಎಣಿಸಿದ್ದು ಮುಗಿದ ಕೆಲಸ.

ಇಂಟರ್‌ವ್ಯೂಗೆ ಹೋದಾಗಲೂ ಇದು ನೆನಪಿರಲಿ. ‘ಐ ವಾಸ್ ವರ್ಕಿಂಗ್ ಇನ್ ಕಾರವಾರ ಫಾರ್ ತ್ರೀ ಇಯರ್ಸ್’ ಶುದ್ಧ ತಪ್ಪೇನಲ್ಲ. ಆದರೆ ತಾತ್ಕಾಲಿಕವಾಗಿ ಮಾಡಿದ ಕೆಲಸದಂತೆ, ಮುಂದೆ ಏನೋ ಹೇಳಲಿಕ್ಕಿದ್ದಂತೆ ಕೇಳುತ್ತದೆ. ‘ವರ್ಕ್ಡ್’ ಎಂದರೆ ಮೂರು ವರ್ಷದ ಅನುಭವ ಗಟ್ಟಿಯಾಗಿ ನಿಲ್ಲುತ್ತದೆ.

ಇನ್ನು ‘ಐ ವಾಸ್ ನೋಯಿಂಗ್’ ಎಂದಾಗ ಜೊತೆಯವರು ನಗುತ್ತಾರೆ ಎಂದು ಬೇಜಾರು ಮಾಡಿಕೊಂಡಿದ್ದೀ. ಇದಕ್ಕೆ ನಮ್ಮ ಭಾಷೆಯಲ್ಲೇ ಒಳ್ಳೆಯ ಗುರುತಿದೆ. ಕನ್ನಡದಲ್ಲಿ ‘ನಾನು’ ಬದಲು ‘ನನಗೆ’ ಬರುವ ಮಾತುಗಳಿವೆಯಲ್ಲ, ನನಗೆ ಗೊತ್ತಿತ್ತು, ನನಗೆ ಬೇಕಿತ್ತು, ನನಗೆ ಇಷ್ಟವಿತ್ತು, ನನಗೆ ನೆನಪಿತ್ತು, ಅವಕ್ಕೆ ‘ನ್ಯೂ’, ‘ವಾಂಟೆಡ್’, ‘ಲೈಕ್ಡ್’, ‘ರಿಮೆಂಬರ್ಡ್’ ಎಂದೇ ಹೇಳು. ‘ನನ್ನ ಹತ್ತಿರ ಇತ್ತು’ ಎಂಬುದಕ್ಕೂ ‘ಹ್ಯಾಡ್’. ‘ಐ ವಾಸ್ ಹ್ಯಾವಿಂಗ್ ಎ ಸ್ಕೂಟರ್’ ಎನ್ನಬಾರದು, ‘ವಾಸ್ ಹ್ಯಾವಿಂಗ್ ಲಂಚ್’ ಎನ್ನಬಹುದು, ಏಕೆಂದರೆ ಊಟ ಮಾಡುವ ಕೆಲಸ, ಸ್ಕೂಟರ್ ಇರುವ ಸ್ಥಿತಿ. ತಲೆ ಸುತ್ತಿದ್ದಕ್ಕೆ ಮಾತ್ರ ‘ಫೆಲ್ಟ್ ಡಿಜ್ಜಿ’, ‘ವಾಸ್ ಫೀಲಿಂಗ್ ಡಿಜ್ಜಿ’ ಎರಡೂ ನಡೆಯುತ್ತವೆ. ಡಾಕ್ಟರ ಮುಂದೆ ಅದಕ್ಕಾಗಿ ತಡವರಿಸಬೇಡ.

ನಿನ್ನ ಕೆಲಸದಲ್ಲಿ ಅತಿ ಜಾಗ್ರತೆ ಬೇಕಾದದ್ದು ಬಿದ್ದವರ ವರದಿ. ನಿನ್ನ ಕಣ್ಣೆದುರೇ ಬಿದ್ದರೆ ‘ಶಿ ವಾಸ್ ವಾಕಿಂಗ್ ಟು ದಿ ಟಾಯ್ಲೆಟ್ ವೆನ್ ಶಿ ಫೆಲ್’: ನಡಿಗೆ ಉದ್ದದ್ದು, ಬಿದ್ದದ್ದು ಅದರ ನಡುವೆ ಒಂದು ಕ್ಷಣ. ನೀನು ಹೋಗುವಷ್ಟರಲ್ಲಿ ನೆಲದ ಮೇಲಿದ್ದರೆ ‘ಫೆಲ್’ ಕೂಡ ಬರೆಯಬೇಡ, ನೋಡಿಲ್ಲವಲ್ಲ. ‘ಐ ಫೌಂಡ್ ಹರ್ ಆನ್ ದಿ ಫ್ಲೋರ್. ಶಿ ವಾಸ್ ಲೈಯಿಂಗ್ ಆನ್ ಹರ್ ಲೆಫ್ಟ್ ಸೈಡ್’ ಎಂದು ಬರೆ. ‘ಶಿ ವಾಸ್ ಫಾಲಿಂಗ್’ ಎಂದರೆ ಬೀಳುವುದನ್ನು ನೀನು ನೋಡುತ್ತ ನಿಂತಿದ್ದೆ ಎಂಬ ಅರ್ಥ ಬಂದೀತು. ಆಮೇಲೆ ನೀನು ಮಾಡಿದ್ದೆಲ್ಲ ಒಂದಾದ ಮೇಲೊಂದು ನಡೆದದ್ದು, ಆದ್ದರಿಂದ ‘ಪ್ರೆಸ್ಡ್ ದಿ ಬಝರ್’, ‘ಚೆಕ್ಡ್’, ‘ಕಾಲ್ಡ್’ ಎಂದು ಸಾಲಾಗಿ ಬರಲಿ, ನಡುವೆ ‘ವಾಸ್’ ನುಸುಳದಿರಲಿ.

‘ಆಲ್ವೇಸ್’ ಜೊತೆ ಐಎನ್‌ಜಿ ಸೇರಿದರೆ ಕಿರಿಕಿರಿಯ ಧ್ವನಿ ಬರುತ್ತದೆ. ‘ಹಿ ವಾಸ್ ಆಲ್ವೇಸ್ ಪ್ರೆಸಿಂಗ್ ದಿ ಬಝರ್’ ಎಂದು ಬರೆದರೆ ಆ ಅಜ್ಜನ ಮೇಲೆ ದೂರು ಹೇಳಿದಂತೆ. ‘ಹಿ ಪ್ರೆಸ್ಡ್ ದಿ ಬಝರ್ ಸಿಕ್ಸ್ ಟೈಮ್ಸ್’ ಎಂದು ಬರೆ, ಯಾರ ಮನಸ್ಸೂ ನೋಯದು, ಲೆಕ್ಕವೂ ಸಿಗುತ್ತದೆ.

ಮ್ಯಾನೇಜರು ‘ಐ ವಾಸ್ ಥಿಂಕಿಂಗ್ ಯು ಕುಡ್ ಡು ಸಂಡೇ’ ಎಂದರೆ ಅದು ಹಳೆಯ ಯೋಚನೆಯ ಮಾತಲ್ಲ, ಈಗ ನಿನ್ನನ್ನು ಮೆತ್ತಗೆ ಕೇಳುತ್ತಿದ್ದಾರೆ, ಉತ್ತರ ಕೊಡಬೇಕು. ನಿನಗೆ ಪಾಳಿ ಬದಲಿಸಿಕೊಳ್ಳಬೇಕಿದ್ದರೂ ‘ಐ ವಾಸ್ ವಂಡರಿಂಗ್ ಇಫ್ ಐ ಕುಡ್ ಸ್ವಾಪ್’ ಎಂದೇ ಶುರು ಮಾಡು. ‘ಐ ವಾಸ್ ಗೋಯಿಂಗ್ ಟು ಕಾಲ್ ಯು’ ಎಂದರೆ ನಮ್ಮ ‘ಫೋನ್ ಮಾಡುವವಳಿದ್ದೆ’: ಮಾಡಲಿಲ್ಲ ಎಂದು ಅರ್ಥ.

ನಿನ್ನ ಆ ಮಾತ್ರೆಯ ಸಾಲನ್ನು ಹೀಗೆ ಬರೆ: ‘ಅಟ್ 8 ಪಿಎಂ ಐ ಗೇವ್ ಹಿಮ್ ಟೂ ಟ್ಯಾಬ್ಲೆಟ್ಸ್. ಹಿ ಸ್ವಾಲೋಡ್ ಬೋತ್.’ ತೆಗೆದುಕೊಳ್ಳಲು ಒಪ್ಪದಿದ್ದರೆ ‘ಹಿ ರೆಫ್ಯೂಸ್ಡ್’ ಎಂದು ಬರೆದು, ಯಾರಿಗೆ ತಿಳಿಸಿದೆ ಎಂಬುದನ್ನೂ ಸೇರಿಸು. ‘ಡಿಡ್ ನಾಟ್’ ಬಂದರೆ ಅದರ ಮುಂದೆ ‘ಗಿವ್’, ‘ಗೇವ್’ ಅಲ್ಲ.