ಇತಿಹಾಸದಲ್ಲಿ ಹೆಸರು ಮಾಡಿದ ಚಿತ್ರ ಕಲಾವಿದೆಯರು ಯಾರು?

ಬೇಕಾದಷ್ಟು ಜನ ಇದ್ದಾರೆ. ನನ್ನ ಮಟ್ಟಿಗೆ ಮೊದಲ ಹೆಸರು ಇಟಲಿಯ ಆರ್ಟೆಮಿಸಿಯಾ ಜೆಂಟಿಲೆಸ್ಕಿ. 1616ರಲ್ಲಿ ಫ್ಲಾರೆನ್ಸ್‌ನ ಕಲಾ ಅಕಾಡೆಮಿಗೆ ಸೇರಿದ ಮೊದಲ ಮಹಿಳೆ. ಬೈಬಲ್ ಕಥೆಯ ಜೂಡಿತ್ ಶತ್ರು ಸೇನಾಪತಿಯ ತಲೆ ಕಡಿಯುವ ಅವರ ಚಿತ್ರ ಒಮ್ಮೆ ನೋಡಿ. ಅಂಗಿಯ ತೋಳು ಮಡಚಿದ ಜೂಡಿತ್ ಅವನ ಕೂದಲು ಹಿಡಿದಿದ್ದಾಳೆ, ದಾಸಿ ಮೇಲಿಂದ ಅದುಮಿದ್ದಾಳೆ, ರಕ್ತ ಚಿಮ್ಮುತ್ತಿದೆ. ಇದೇ ಕಥೆಯನ್ನು ಇಟಲಿಯ ಇನ್ನೊಬ್ಬ ಚಿತ್ರಕಾರ ಕಾರವಾಜ್ಜೊ ಕೂಡ ಚಿತ್ರಿಸಿದ್ದ. ಅಲ್ಲಿ ದಾಸಿ ಪಕ್ಕದಲ್ಲಿ ಸುಮ್ನೆ ನಿಂತ ಮುದುಕಿ. ನನಗೆ ಆರ್ಟೆಮಿಸಿಯಾ ಚಿತ್ರವೇ ಜಾಸ್ತಿ ನಿಜ ಅನಿಸುತ್ತದೆ.

ಹಾಲೆಂಡ್‌ನ ಜೂಡಿತ್ ಲೇಸ್ಟರ್ ಕಥೆ ಬೇರೆ. ಅದೇ ದೇಶದ ಚಿತ್ರಕಾರ ಫ್ರಾನ್ಸ್ ಹಾಲ್ಸ್ ಬರೆದದ್ದು ಅಂತ ನಂಬಿದ್ದ ಚಿತ್ರದಲ್ಲಿ 1893ರಲ್ಲಿ ಇವರ ಸಹಿ ಸಿಕ್ಕಿತು! ಆಗಲೇ ಅವರು ತೀರಿಕೊಂಡು ಇನ್ನೂರು ವರ್ಷ ದಾಟಿತ್ತು.

ಫ್ರಾನ್ಸ್‌ನ ರೋಸಾ ಬಾನರ್ ಪ್ರಾಣಿಗಳ ಚಿತ್ರಕ್ಕೆ ಪ್ರಸಿದ್ಧರು. ಅವರ ಕುದುರೆ ಸಂತೆಯ ಚಿತ್ರ ಸುಮಾರು 5 ಮೀಟರ್ ಅಗಲವಿದೆ. ಪ್ಯಾಂಟ್ ಹಾಕೋದಕ್ಕೂ ಅವರು ಪೊಲೀಸರಿಂದ ಪರವಾನಗಿ ಪಡೆಯಬೇಕಿತ್ತು.