ಸಿಗಾರ್ ಸಂಗ್ರಹಕ್ಕೆ ಮೊದಲು ಬೇಕಾದದ್ದು ತಂಪು ಜಾಗ

ಪ್ರಶ್ನೆ: ನಾನು ಮಂಗಳೂರಿನವನು, ವಯಸ್ಸು 46. ದುಬೈಯಲ್ಲಿರುವ ಅಣ್ಣ ಊರಿಗೆ ಬಂದಾಗಲೆಲ್ಲ ತಂದುಕೊಟ್ಟ ಸಿಗಾರ್‌ಗಳು ಈಗ ಸುಮಾರು ಮೂವತ್ತಾಗಿವೆ. ಸಿಗಾರಿನ ತೇವ ಕಾಯ್ದಿಡುವ ಮರದ ಹ್ಯೂಮಿಡಾರ್ ಪೆಟ್ಟಿಗೆಯಲ್ಲಿ ಇಟ್ಟಿದ್ದೆ. ಕಳೆದ ತಿಂಗಳು ತೆಗೆದು ನೋಡಿದರೆ ಎರಡರಲ್ಲಿ ಸೂಜಿ ಚುಚ್ಚಿದಂತಹ ತೂತುಗಳಿದ್ದವು, ಕೆಳಗೆ ಕಂದು ಪುಡಿ ಬಿದ್ದಿತ್ತು. ಉಳಿದವನ್ನು ಸದ್ಯ ಫ್ರಿಜ್ಜಿನಲ್ಲಿಟ್ಟಿದ್ದೇನೆ. ಇದನ್ನೇ ಒಂದು ಒಳ್ಳೆಯ ಸಂಗ್ರಹವಾಗಿ ಬೆಳೆಸಬೇಕೆಂದಿದೆ. ಹೇಗೆ ಇಡಬೇಕು, ಏನು ಕೊಳ್ಳಬೇಕು? ತಿರುಚ್ಚಿಯ ಚುಟ್ಟವನ್ನೂ ಇದರಲ್ಲಿ ಸೇರಿಸಬಹುದೇ?

ಉತ್ತರ: ಆ ತೂತುಗಳು ಹೊಗೆಸೊಪ್ಪಿನ ಜೀರುಂಡೆಯ ಕೆಲಸ. ಕೆಂಪು ಮಿಶ್ರಿತ ಕಂದು ಬಣ್ಣದ, ಎರಡು ಮೂರು ಮಿಲಿಮೀಟರ್ ಉದ್ದದ ಈ ಹುಳು ನಿಮ್ಮ ಮನೆಗೆ ಹೊಸದೇನಲ್ಲ. ಡಬ್ಬಿಯಲ್ಲಿ ಮರೆತುಹೋದ ಕೊತ್ತಂಬರಿ ಬೀಜವನ್ನೂ ಅರಿಶಿನದ ಕೊಂಬನ್ನೂ ಕೊರೆದು ಪುಡಿ ಮಾಡುವುದು ಇದೇ. ಇದರ ಮೊಟ್ಟೆಗಳು ಎಲೆಯೊಳಗೆ ಸೇರಿಕೊಂಡೇ ಬರಬಹುದು. 30 ಡಿಗ್ರಿ ಆಸುಪಾಸಿನ ಸೆಖೆ ಅವು ಮರಿಯಾಗಿ ಬೆಳೆಯುವುದಕ್ಕೆ ಹೇಳಿ ಮಾಡಿಸಿದ ಹವೆ. ಸಿಗಾರ್ ಇಡುವವರು ಸಾಮಾನ್ಯವಾಗಿ ತೇವಾಂಶದ ಚಿಂತೆಯಲ್ಲೇ ಮುಳುಗಿರುತ್ತಾರೆ. ಕರಾವಳಿಯಲ್ಲಿ ನಿಜವಾದ ಶತ್ರು ಉಷ್ಣತೆ.

ಫ್ರಿಜ್ಜಿನಲ್ಲಿಟ್ಟದ್ದು ಅರ್ಧ ಕೆಲಸವಾಯಿತು: ಅಲ್ಲಿನ ತಂಪು ಹುಳುವಿನ ಬೆಳವಣಿಗೆಯನ್ನು ತಡೆಯುತ್ತದೆಯೇ ಹೊರತು ಮೊಟ್ಟೆಗಳನ್ನು ಕೂಡಲೇ ಕೊಲ್ಲುವುದಿಲ್ಲ, ಜೊತೆಗೆ ಅಲ್ಲಿನ ಒಣ ಗಾಳಿ ಎಲೆಯ ತೇವವನ್ನು ಹೀರಿಕೊಳ್ಳುತ್ತದೆ. ತೂತು ಬಿದ್ದ ಎರಡನ್ನು ಎಸೆದುಬಿಡಿ. ಉಳಿದವನ್ನು ಒಂದರೊಳಗೊಂದರಂತೆ ಎರಡು ಜಿಪ್ ಚೀಲಗಳಲ್ಲಿ ಗಾಳಿ ಹಿಂಡಿ ಮುಚ್ಚಿ, ಒಂದು ವಾರ ಫ್ರೀಜರಿನಲ್ಲಿಡಿ. ಬಳಿಕ ಒಂದು ದಿನ ಫ್ರಿಜ್ಜಿನ ಕೆಳಭಾಗದಲ್ಲಿ, ಮತ್ತೊಂದು ದಿನ ಕೋಣೆಯಲ್ಲಿ ಇಟ್ಟು, ಅಲ್ಲಿಯವರೆಗೂ ಚೀಲವನ್ನು ತೆರೆಯದಿರಿ. ಅವಸರಪಟ್ಟು ತೆರೆದರೆ ತಣ್ಣನೆಯ ಎಲೆಯ ಮೇಲೆ ನೀರು ಕಟ್ಟಿ, ಹೊರಕವಚ ಉಬ್ಬಿ ಸೀಳುತ್ತದೆ. ಅಷ್ಟರೊಳಗೆ ಪೆಟ್ಟಿಗೆಯ ಸಂದುಗೊಂದುಗಳಲ್ಲಿರುವ ಪುಡಿಯನ್ನು ವ್ಯಾಕ್ಯೂಮ್ ಕ್ಲೀನರಿನಿಂದ ಪೂರ್ತಿ ತೆಗೆಸಿ.

ಆ ಚಂದದ ಮರದ ಪೆಟ್ಟಿಗೆಯ ಬಗ್ಗೆ ನನಗೆ ಅಷ್ಟೇನೂ ಭರವಸೆ ಇಲ್ಲ. ಒಳಗಿನ ಹಲಗೆ ಸ್ಪ್ಯಾನಿಷ್ ಸೀಡರ್ ಆಗಿದ್ದರೆ ಅದನ್ನು ಉಳಿಸಿಕೊಳ್ಳಿ. ಹೆಸರು ಹಾಗಿದ್ದರೂ ಅದು ಸ್ಪೇನಿನ ಮರವಲ್ಲ, ಸೀಡರ್ ಕೂಡ ಅಲ್ಲ. ಅಮೆರಿಕದ ಉಷ್ಣವಲಯದ, ನಮ್ಮ ಬೇವು ಮತ್ತು ಗಂಧಗರಿಗೆಗಳ ಕುಟುಂಬಕ್ಕೆ ಸೇರಿದ ಮರ. ಊರಿನ ಬಡಗಿಯಿಂದ ದೇವದಾರುವಿನ ಪೆಟ್ಟಿಗೆ ಮಾಡಿಸುವ ಯೋಚನೆ ಮಾತ್ರ ಬೇಡ, ಅದರ ಘಾಟು ಸಿಗಾರಿಗೆ ಹತ್ತುತ್ತದೆ. ಮಳೆಗಾಲದಲ್ಲಿ ಮುಚ್ಚಳ ಸರಿಯಾಗಿ ಕೂರದ ಮರದ ಪೆಟ್ಟಿಗೆಗಿಂತ ರಬ್ಬರ್ ಅಂಚಿನ ಮುಚ್ಚಳವಿರುವ ಸಾಧಾರಣ ಪ್ಲಾಸ್ಟಿಕ್ ಡಬ್ಬಿಯೇ ಮೇಲು. ಅದರಲ್ಲಿ ಸೀಡರ್ ತೆಳುಹಲಗೆಯೊಂದನ್ನೂ 25 ಸಿಗಾರಿಗೆ 60 ಗ್ರಾಂ ತೂಕದ ಒಂದರಂತೆ ಶೇ 65ರ ತೇವಾಂಶ ನಿಯಂತ್ರಕ ಪೊಟ್ಟಣವನ್ನೂ ಇಟ್ಟು, ಡಬ್ಬಿಯನ್ನು 18 ಡಿಗ್ರಿಗೆ ಹೊಂದಿಸಿದ ಸಣ್ಣ ವೈನ್ ಕೂಲರಿನೊಳಗೆ ಸೇರಿಸಿ. ಕೂಲರಿಗೆ ಖರ್ಚಾಗುತ್ತದೆ, ನಿಜ. ಆದರೆ ಮಂಗಳೂರಿನಲ್ಲಿ ವರ್ಷಗಟ್ಟಲೆ ಉಳಿಯುವ ಸಂಗ್ರಹ ಬೇಕೆಂದರೆ, ಹೊಸ ಸಿಗಾರಿಗಾಗಿ ಎತ್ತಿಟ್ಟ ಮೊದಲ ಹಣ ಇದಕ್ಕೇ ಹೋಗಲಿ.

ತೇವಾಂಶ ಅಳೆಯುವ ಅಗ್ಗದ ಹೈಗ್ರೋಮೀಟರ್ ಹೇಳಿದ್ದನ್ನು ಪರೀಕ್ಷಿಸದೆ ನಂಬಬೇಡಿ. ಬಾಟಲಿಯ ಮುಚ್ಚಳವೊಂದರಲ್ಲಿ ಅಡುಗೆ ಉಪ್ಪು ತುಂಬಿ, ಕರಗಿ ಹೋಗದಂತೆ ಕೆಲವೇ ಹನಿ ನೀರು ಬಿಟ್ಟು ಒದ್ದೆ ಮರಳಿನ ಹದಕ್ಕೆ ತನ್ನಿ. ಅದನ್ನು ಹೈಗ್ರೋಮೀಟರಿನೊಂದಿಗೆ ಚೀಲದಲ್ಲಿ ಮುಚ್ಚಿಟ್ಟು ಮರುದಿನ ನೋಡಿದರೆ ಶೇ 75 ಎಂದು ತೋರಿಸಬೇಕು. 71 ಎಂದು ತೋರಿಸಿದರೆ ನಿಮ್ಮ ಮಾಪಕ ನಾಲ್ಕು ಅಂಶ ಕಡಿಮೆ ಹೇಳುತ್ತದೆ ಎಂದು ಲೆಕ್ಕವಿಟ್ಟುಕೊಳ್ಳಿ.

ಇನ್ನು ಕೊಳ್ಳುವ ವಿಚಾರ. ಒಂದೇ ಸಲ ಪೆಟ್ಟಿಗೆಗಟ್ಟಲೆ ತರಿಸುವ ಆಸೆಯನ್ನು ಕನಿಷ್ಠ ಒಂದು ವರ್ಷ ತಡೆಹಿಡಿಯಿರಿ. ಒಂದು ಬಗೆಯದ್ದು ಮೂರು ತನ್ನಿ: ತಿಂಗಳ ವಿಶ್ರಾಂತಿಯ ನಂತರ ಒಂದು, ಆರು ತಿಂಗಳಿಗೆ ಇನ್ನೊಂದು, ವರ್ಷ ಕಳೆದ ಮೇಲೆ ಮತ್ತೊಂದು. ಪ್ರತಿ ಬಾರಿಯೂ ಎರಡು ಸಾಲು ಬರೆದಿಡಿ. ಹೊಸ ಎಲೆಯ ಅಮೋನಿಯಾ ವಾಸನೆ ಇಳಿಯುವುದು, ಖಾರ ಮೆತ್ತಗಾಗುವುದು ಆ ಬರಹದಲ್ಲೇ ಕಾಣುತ್ತದೆ. ಕ್ಯೂಬಾದ ಮೊಂಟೆಕ್ರಿಸ್ಟೊ ನಂಬರ್ 4, ಅದಕ್ಕಿಂತ ಗಡುಸಾದ ಪಾರ್ಟಗಾಸ್ ಸೀರಿ ಡಿ ನಂಬರ್ 4, ನಿಕರಾಗುವಾದ ಎಸ್ತೆಲಿಯಿಂದ ಬರುವ ಪದ್ರೋನ್, ಡೊಮಿನಿಕನ್ ಗಣರಾಜ್ಯದ ಮೆದುವಾದ ದಾವಿಡಾಫ್, ಈ ನಾಲ್ಕನ್ನು ಹೋಲಿಸಿದರೆ ನಿಮ್ಮ ನಾಲಿಗೆ ಯಾವ ಕಡೆಗೆ ವಾಲುತ್ತದೆಂದು ತಿಳಿಯುತ್ತದೆ. ಕ್ಯೂಬಾದ್ದೇ ಆದ ಕೊಹಿಬಾವನ್ನು ಸದ್ಯಕ್ಕೆ ಬಿಡಿ. 2022ರಲ್ಲಿ ಅದರ ಬೆಲೆಯನ್ನು ಜಗತ್ತಿನಾದ್ಯಂತ ಹಾಂಗ್‌ಕಾಂಗಿನ ಮಟ್ಟಕ್ಕೆ ಏರಿಸಿದ ಮೇಲೆ ಅದು ಕಲಿಯುವವರ ಸಿಗಾರಾಗಿ ಉಳಿದಿಲ್ಲ.

ಅತಿ ಹೆಚ್ಚು ನಕಲಿಯಾಗುವುದೂ ಕೊಹಿಬಾವೇ. ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿ ಅದನ್ನು ಯಾರಾದರೂ ಕೊಟ್ಟರೆ ಮುಂದೆ ವಿಚಾರಿಸುವ ಅಗತ್ಯವೇ ಇಲ್ಲ, ಅಸಲಿ ಕ್ಯೂಬನ್ ಸಿಗಾರ್ ಹಾಗೆ ಬರುವುದಿಲ್ಲ. ಅಸಲಿ ಪೆಟ್ಟಿಗೆಯ ತಳದಲ್ಲಿ ಕಾರ್ಖಾನೆಯ ಮೂರಕ್ಷರದ ಸಂಕೇತವೂ ಸ್ಪ್ಯಾನಿಷ್ ತಿಂಗಳ ಹೆಸರಿನ ಮೊದಲ ಮೂರಕ್ಷರವೂ ವರ್ಷವೂ ಮುದ್ರಿತವಾಗಿರುತ್ತವೆ. ಜನವರಿಗೆ (ಎನೆರೊ) ENE, ಆಗಸ್ಟಿಗೆ (ಅಗೋಸ್ತೊ) AGO. ಲಾ ಕಾಸಾ ದೆಲ್ ಹಬಾನೊ ಎಂಬ ಫಲಕವಿರುವ ಅಧಿಕೃತ ಮಳಿಗೆಯಿಂದಲೇ, ರಸೀದಿಯ ಸಮೇತ ತರುವಂತೆ ನಿಮ್ಮ ಅಣ್ಣನವರಿಗೆ ಹೇಳಿ. ಪ್ರಯಾಣಿಕರೊಬ್ಬರು ಸುಂಕವಿಲ್ಲದೆ ತರಬಹುದಾದದ್ದು 25 ಸಿಗಾರ್, ಅಂದರೆ ಒಂದು ಪೂರ್ಣ ಪೆಟ್ಟಿಗೆ ಮಾತ್ರ. ಹೊಗೆಯನ್ನು ಒಳಗೆ ಎಳೆಯುವುದಿಲ್ಲವಲ್ಲ ಎಂಬ ಸಮಾಧಾನವೂ ಬೇಡ: ದೊಡ್ಡ ಸಿಗಾರೊಂದರಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ಹೊಗೆಸೊಪ್ಪಿರಬಹುದು, ಬಾಯಿ ಮತ್ತು ಗಂಟಲಿನ ಕ್ಯಾನ್ಸರಿನ ಅಪಾಯ ಇದರಲ್ಲೂ ಇದೆ. ಸಂಗ್ರಹ ಬೆಳೆದಷ್ಟೂ ಸೇದುವುದು ಬೆಳೆಯಬೇಕಾಗಿಲ್ಲ.

ತಿರುಚ್ಚಿಯ ಉರೈಯೂರಿನ ಚುಟ್ಟಕ್ಕೆ ಸಂಗ್ರಹದಲ್ಲಿ ಖಂಡಿತ ಸ್ಥಾನವಿದೆ. ಇಂಗ್ಲಿಷಿನವರ 'ಚೆರೂಟ್' ತಮಿಳಿನ 'ಸುರುಟ್ಟು'ವಿನಿಂದ ಹೋದ ಮಾತು. ನಮ್ಮ ಸುರುಟು, ಸುರುಳಿಗಳ ನಂಟು ಅದರಲ್ಲಿ ಕೇಳಿಸುತ್ತದೆ. ಆದರೆ ಅದಕ್ಕೆ ಬೇರೆಯೇ ಡಬ್ಬಿಯಿರಲಿ, ಅದರ ಕಟು ವಾಸನೆ ಮೆದುವಾದ ಸಿಗಾರುಗಳಿಗೆ ಬೇಗ ಅಂಟುತ್ತದೆ. ಎರಡೂ ತುದಿ ತೆರೆದಿರುವುದರಿಂದ ಅದು ಒಣಗುವುದೂ ಬೇಗ. ಊರಿಗೆ ತಂದ ಕೂಡಲೇ ಅದನ್ನೂ ಒಂದು ವಾರ ಫ್ರೀಜರಿನಲ್ಲಿಡಲು ಮರೆಯಬೇಡಿ.